ರೇಂಜ್ ಅಂದ್ರೇನು ಅಳಿಯಾ?

2024ರ ಜೂನ್ 23, ಭಾನುವಾರ. ಹಬ್ಬ ಅಲ್ಲ, ಹುಣ್ಣಿಮೆ ಅಲ್ಲ, ಸುಮ್ಮನೆ ಎರಡು ದಿನ ಇದ್ದು ಬರೋಣ ಅಂತ ಊರಿಗೆ ಹೋಗಿದ್ದೆ. ಊರು ಅಂದ್ರೆ ಚಳ್ಳಕೆರೆ ತಾಲೂಕಿನ ಒಂದು ಹಳ್ಳಿ. ಶೇಂಗಾ ಬಿತ್ತನೆಗೆ ಎಲ್ಲರೂ ಮೋಡ ನೋಡ್ತಾ ಕೂತಿದ್ದ ಹೊತ್ತು. ಬೆಳಿಗ್ಗೆ ಟೀವಿ ಹಾಕಿದರೆ ನಮ್ಮ ತಾಲೂಕಿನದ್ದೇ ಸುದ್ದಿ! ಇಸ್ರೋದ ಪುಷ್ಪಕ್ ಅನ್ನೋ ಪುಟ್ಟ ರೆಕ್ಕೆಯ ವಾಹನವನ್ನು ಚಿನೂಕ್ ಹೆಲಿಕಾಪ್ಟರ್ ನಾಲ್ಕೂವರೆ ಕಿಲೋಮೀಟರ್ ಮೇಲಕ್ಕೆ ಎತ್ತಿಕೊಂಡು ಹೋಗಿ ಬಿಟ್ಟಿತಂತೆ, ಅದು ತಾನೇ ದಾರಿ ಹುಡುಕಿಕೊಂಡು ಬಂದು ರನ್‌ವೇ ಮೇಲೆ ಇಳಿಯಿತಂತೆ. ಇಳಿದ ಜಾಗ ಚಳ್ಳಕೆರೆಯ ಏರೋನಾಟಿಕಲ್ ಟೆಸ್ಟ್ ರೇಂಜ್.

ಪಕ್ಕದಲ್ಲಿ ಅಣ್ಣನ ಮಗ ಲೆಕ್ಕದ ಪುಸ್ತಕ ಹರಡಿಕೊಂಡು ಕೂತಿದ್ದ. "ಚಿಕ್ಕಪ್ಪಾ, ರೇಂಜ್ ಅಂದ್ರೆ ಗರಿಷ್ಠದಲ್ಲಿ ಕನಿಷ್ಠ ಕಳೆಯೋದು ತಾನೆ?" ಅಂದ. ಹೌದು ಅಂದೆ. ಅಷ್ಟರಲ್ಲಿ ಸಾಗರದ ಕಡೆಯ ಗೆಳೆಯನೊಬ್ಬನ ಫೋನು. ಎರಡು ಮಾತಾಡೋದರೊಳಗೆ "ಲೋ, ಇಲ್ಲಿ ರೇಂಜ್ ಸರಿಯಿಲ್ಲ, ಗುಡ್ಡ ಹತ್ತಿ ಮಾಡ್ತೀನಿ ಇರು" ಅಂತ ಇಟ್ಟ. ನಮ್ಮ ಕಡೆ ಹಾಗೆ ಅನ್ನೋದಿಲ್ಲ, "ಟವರ್ ಇಲ್ಲ" ಅಂತೀವಿ. ಮಲೆನಾಡಿನವರಿಗೆ, ಕರಾವಳಿಯವರಿಗೆ ಅದು ರೇಂಜು.

ಜಗಲಿ ಮೇಲೆ ಎಲೆಅಡಿಕೆ ಹಾಕ್ಕೊಂಡು ಕೂತಿದ್ದ ನನ್ನ ಸೋದರಮಾವ ಇದನ್ನೆಲ್ಲ ಕೇಳಿಸಿಕೊಂಡು ಮೆಲ್ಲಗೆ ಕೇಳಿದ. "ಅಲ್ಲ ಅಳಿಯಾ, ಟೀವಿಯೋನೂ ರೇಂಜ್ ಅಂತಾನೆ, ಈ ಹುಡುಗನೂ ರೇಂಜ್ ಅಂತಾನೆ, ಫೋನ್ನಾಗೂ ರೇಂಜ್ ಐತೆ. ಏನ್ ಹಂಗಂದ್ರೆ? ನಮ್ ಕಾವಲಿಗೆ ಯಾಕೆ ಆ ಹೆಸರಿಟ್ರು?"

ಮಾವ ಓದಿದ್ದು ಮೂರನೇ ಕ್ಲಾಸು. ಆದರೆ ಕಾವಲಿನಲ್ಲಿ ಕುರಿ ಕಾದದ್ದು ನಲವತ್ತು ವರ್ಷ. "ದೂರ ಅಂತ ಅರ್ಥ ಮಾವ" ಅಂತ ಏನೋ ಹೇಳಿ ತಪ್ಪಿಸಿಕೊಂಡೆ. ಅವನಿಗೆ ಸಮಾಧಾನ ಆಗಲಿಲ್ಲ, ನನಗೂ ಆಗಲಿಲ್ಲ. ಬೆಂಗಳೂರಿಗೆ ವಾಪಸ್ ಬಂದ ಮೇಲೆ ಈ ಪದದ ಹಿಂದೆ ಬಿದ್ದೆ. ಬಿದ್ದು ಎದ್ದು ಬಂದದ್ದನ್ನು ಇಲ್ಲಿ ಬರೀತಾ ಇದೀನಿ. ಸ್ವಲ್ಪ ಉದ್ದ ಆಯ್ತು, ಟೀ ಮಾಡ್ಕೊಂಡು ಬಂದು ಓದಿ :-)

* * *

ಮೊದಲು ನಮ್ಮ ಬಾಯಲ್ಲಿ ಈ ಪದ ಎಷ್ಟು ವೇಷ ಹಾಕುತ್ತೆ ಅಂತ ನೋಡೋಣ.

ಅರಣ್ಯ ಇಲಾಖೆಯಲ್ಲಿ ರೇಂಜ್ ಅಂದ್ರೆ ಒಬ್ಬ ಅಧಿಕಾರಿಯ ಕೈಕೆಳಗಿನ ಕಾಡಿನ ತುಂಡು. ಆ ಅಧಿಕಾರಿ ರೇಂಜರ್ ಸಾಹೇಬ್ರು. ಕಡತದಲ್ಲಿ ಮಾತ್ರ "ವಲಯ ಅರಣ್ಯಾಧಿಕಾರಿ". ಪೊಲೀಸರ ರೇಂಜ್ ಇನ್ನೂ ದೊಡ್ಡದು, ಹಲವು ಜಿಲ್ಲೆ ಸೇರಿದ್ದು. ನಮ್ಮ ಚಿತ್ರದುರ್ಗ ಜಿಲ್ಲೆ ದಾವಣಗೆರೆಯಲ್ಲಿ ಕಚೇರಿ ಇರೋ ಪೂರ್ವ ವಲಯಕ್ಕೆ ಸೇರುತ್ತೆ. ಭೂಗೋಳದ ಮೇಷ್ಟ್ರಿಗೆ ರೇಂಜ್ ಅಂದ್ರೆ ಬೆಟ್ಟಗಳ ಸಾಲು, ಶ್ರೇಣಿ. ಲೆಕ್ಕದ ಮೇಷ್ಟ್ರಿಗೆ ವ್ಯಾಪ್ತಿ. ಸೀರೆ ಅಂಗಡಿಯವನಿಗೆ ಬೆಲೆ. ಮೊಳಕಾಲ್ಮೂರಿಗೆ ರೇಷ್ಮೆ ಸೀರೆ ತಗೊಳ್ಳೋಕೆ ಹೋದರೆ ಮೊದಲ ಪ್ರಶ್ನೆಯೇ "ಯಾವ ರೇಂಜಲ್ಲಿ ತೋರಿಸ್ಲಿ ಅಕ್ಕಾ?" ಕಾಲೇಜು ಹುಡುಗರಿಗೆ ರೇಂಜ್ ಅಂದ್ರೆ ಅಂತಸ್ತು. "ಅವನ ರೇಂಜೇ ಬೇರೆ ಬಿಡು ಮಗಾ." ಇದೇ ಮಾತನ್ನು ಹೊಗಳೋಕೂ ಹೇಳಬಹುದು, ಕಾಲೆಳೆಯೋಕೂ ಹೇಳಬಹುದು. ಆಮೇಲೆ "ಆ ರೇಂಜಿಗೆ ಮಳೆ ಬಂತು" ಅನ್ನೋ ಪ್ರಯೋಗ ಒಂದಿದೆ, ಇಲ್ಲಿ ಅದು ಪ್ರಮಾಣ. (ಚಳ್ಳಕೆರೆಯಲ್ಲಿ ಈ ಕೊನೇ ವಾಕ್ಯ ಬಳಸೋ ಅವಕಾಶ ಕಡಿಮೆ. ರಾಜ್ಯದಲ್ಲೇ ಅತಿ ಕಡಿಮೆ ಮಳೆ ಬೀಳೋ ತಾಲೂಕುಗಳಲ್ಲಿ ನಮ್ಮದೂ ಒಂದು.)

ಇಷ್ಟೆಲ್ಲ ಅರ್ಥಗಳು ಒಂದೇ ಪದಕ್ಕೆ ಹೇಗೆ ಅಂಟಿದವು? ಇಂಗ್ಲಿಷಿನವರು ಇದನ್ನು ತಂದದ್ದು ಹಳೆಯ ಫ್ರೆಂಚಿನಿಂದ. ಅಲ್ಲಿ ಅದಕ್ಕಿದ್ದ ಅರ್ಥ ಸರಳ, "ಸಾಲು". ಸೈನಿಕರ ಸಾಲು, ಬೇಟೆಗಾರರ ಸಾಲು. ರ‍್ಯಾಂಕ್ ಬಂದದ್ದೂ ಅದೇ ಬೇರಿನಿಂದ, ಅರೇಂಜ್ ಮಾಡೋದು ಅಂದ್ರೂ ಮೂಲದಲ್ಲಿ ಸಾಲಾಗಿ ಜೋಡಿಸೋದೇ. ಇನ್ನೂ ಹಿಂದಕ್ಕೆ ಹೋದರೆ ಉಂಗುರದ ರಿಂಗ್ ಕೂಡ ದಾಯಾದಿಯೇ ಅಂತಾರೆ ಭಾಷಾಶಾಸ್ತ್ರದವರು, ಸುತ್ತ ನಿಂತ ಜನರ ಸಾಲು ಅನ್ನೋ ಅರ್ಥದಲ್ಲಿ. ಸಾಲಿನಿಂದ ಬೆಟ್ಟಸಾಲು ಬಂತು. ಸಾಲಾಗಿ ಓಡಾಡೋದರಿಂದ ಅಲೆದಾಡೋದು ಬಂತು, ಅಲೆದಾಡಿ ಕಾಡು ಕಾಯೋನು ರೇಂಜರ್ ಆದ. ರಾಜನ ಬೇಟೆಕಾಡಿನ ಕಾವಲಿನವನಿಗೆ ಈ ಹೆಸರು 14ನೇ ಶತಮಾನದಿಂದಲೇ ಇದೆ. ಅಲೆದಾಡೋ ಜಾಗವೂ ರೇಂಜ್ ಆಯ್ತು. ದನ ಎಷ್ಟು ದೂರ ಮೇಯ್ತಾ ಹೋಗುತ್ತೋ ಅಷ್ಟೂ ಅದರ ರೇಂಜು. ಗುಂಡು ಎಷ್ಟು ದೂರ ಹೋಗುತ್ತೋ ಅಷ್ಟು ಬಂದೂಕಿನ ರೇಂಜು. ಹಾಗೇ ಗುಂಡು ಹಾರಿಸಿ ಪರೀಕ್ಷೆ ಮಾಡೋ ಬಯಲೂ ರೇಂಜು.

ಹುಲ್ಲುಗಾವಲಿಗೆ ರೇಂಜ್ ಅನ್ನೋದನ್ನು ಮನೆಮಾತು ಮಾಡಿದವರು ಅಮೆರಿಕದವರು. ಅವರ ಪಶ್ಚಿಮದ ಬಯಲುಗಳಲ್ಲಿ ಬೇಲಿಯಿಲ್ಲದೆ ದನ ಮೇಯುತ್ತಿದ್ದ ಕಾಲಕ್ಕೆ "ಓಪನ್ ರೇಂಜ್" ಅಂತಲೇ ಹೆಸರು. 1874ರಲ್ಲಿ ಜೋಸೆಫ್ ಗ್ಲಿಡೆನ್ ಅನ್ನೋನು ಮುಳ್ಳುತಂತಿಗೆ ಪೇಟೆಂಟ್ ಪಡೆದ. ಕೆಲವೇ ವರ್ಷಗಳಲ್ಲಿ ಆ ಬಯಲುಗಳ ತುಂಬ ತಂತಿಬೇಲಿ ಎದ್ದು ಆ ಕಾಲ ಮುಗಿಯಿತು. ಮುಗಿದದ್ದರ ಮೇಲಿನ ಮಮತೆ ಎಷ್ಟಿತ್ತು ಅಂದ್ರೆ "ಹೋಮ್ ಆನ್ ದಿ ರೇಂಜ್" ಅನ್ನೋ ಹಾಡನ್ನು 1947ರಲ್ಲಿ ಕನ್ಸಾಸ್ ರಾಜ್ಯ ತನ್ನ ಅಧಿಕೃತ ಗೀತೆ ಮಾಡಿಕೊಂಡಿತು.

ಒಂದು ತಮಾಷೆ ಹೇಳಬೇಕು. ಇಂಗ್ಲಿಷಿನಲ್ಲಿ ರೇಂಜ್ ಅಂದ್ರೆ ಅಡುಗೆಮನೆಯ ದೊಡ್ಡ ಒಲೆ ಕೂಡ. ನಮ್ಮಲ್ಲಿ ನೋಡಿ, ದನ ಮೇಯೋ ಜಾಗ ಕಾವಲು, ದೋಸೆ ಹುಯ್ಯೋದು ಕಾವಲಿ! ಅಲ್ಲೂ ಹುಲ್ಲು ಮತ್ತು ಒಲೆ, ಇಲ್ಲೂ ಹುಲ್ಲು ಮತ್ತು ಒಲೆ. ಆದರೆ ಇದು ಬರೀ ಕಾಕತಾಳೀಯ. ಕನ್ನಡದಲ್ಲಿ ಕಾಯು ಅನ್ನೋದು ಒಂದಲ್ಲ. ಬಿಸಿಯಾಗೋ ಕಾಯು ಬೇರೆ, ರಕ್ಷಿಸೋ ಕಾಯು ಬೇರೆ. ಮೊದಲನೆಯದರಿಂದ ಕಾವಲಿ, ಎರಡನೆಯದರಿಂದ ಕಾವಲು. ಬಸ್ಸಿಗೆ ಕಾಯೋದು ಕೂಡ ಈ ಎರಡನೆಯದರ ಬಳಗವೇ. ಕಾಯೋದು ಅಂದ್ರೆ ರಕ್ಷಣೆಯೂ ಹೌದು, ನಿರೀಕ್ಷೆಯೂ ಹೌದು. ಕುರಿ ಕಾಯೋನಿಗೆ ಎರಡೂ ಗೊತ್ತು.

* * *

ಈಗ ಮಾವನ ಪ್ರಶ್ನೆಗೆ ಬರೋಣ. ನಮ್ಮ ಕಾವಲಿನ ಕಥೆ ಏನು?

ಹಳೇ ಮೈಸೂರಿನ ಕಾವಲುಗಳ ಚರಿತ್ರೆ ಶುರುವಾಗೋದೇ ದನಗಳಿಂದ. ಚಿಕ್ಕದೇವರಾಜ ಒಡೆಯರು (ಆಳಿದ್ದು 1673ರಿಂದ 1704) ಅರಮನೆಯ ದನಗಳಿಗಾಗಿ "ಬೆಣ್ಣೆ ಚಾವಡಿ" ಅನ್ನೋ ಇಲಾಖೆ ಮಾಡಿದ್ದರು. ಹೆಸರೇ ಹೇಳೋ ಹಾಗೆ ಅರಮನೆಗೆ ಹಾಲು, ಬೆಣ್ಣೆ ಒದಗಿಸೋದು ಕೆಲಸ. ಆ ದನಗಳಿಗೆ ಅಂತ ನಾಡಿನ ಬೇರೆ ಬೇರೆ ಕಡೆ ಹುಲ್ಲುಗಾವಲು ಗೊತ್ತುಮಾಡಿದ್ದರು. ಆಮೇಲೆ ಬಂದ ಹೈದರಾಲಿಗೆ ಬೆಣ್ಣೆಗಿಂತ ಹೆಚ್ಚಾಗಿ ಬೇಕಾಗಿದ್ದದ್ದು ಎತ್ತು. ಫಿರಂಗಿ ಎಳೆಯೋಕೆ, ಸಾಮಾನು ಹೊರೋಕೆ. ಪಾಳೆಯಗಾರರನ್ನು ಸೋಲಿಸಿದಾಗೆಲ್ಲ ಅವರ ದನಗಳನ್ನೂ ತನ್ನ ಹಿಂಡಿಗೆ ಸೇರಿಸಿಕೊಂಡ. ಚಿತ್ರದುರ್ಗ ಹೈದರನ ವಶವಾದದ್ದು 1779ರಲ್ಲಿ. ಅಮೃತ ಮಹಲ್ ಹಿಂಡಿನಲ್ಲಿ ಮೂರು ಬಗೆ ಇದ್ದವು ಅಂತ ಹಳೇ ಗ್ಯಾಸೆಟಿಯರುಗಳು ಹೇಳ್ತವೆ. ಹಳ್ಳಿಕಾರ್, ಹಾಗಲವಾಡಿ, ಚಿತ್ರದುರ್ಗ. ಮೂರನೆಯದು ನಮ್ಮ ಪಾಳೆಯಗಾರರ ಹಟ್ಟಿಯ ಕೊಡುಗೆ.

ಬೆಣ್ಣೆ ಚಾವಡಿಗೆ ಅಮೃತ ಮಹಲ್ ಅಂತ ಹೆಸರು ಬದಲಿಸಿದವನು ಟಿಪ್ಪು ಸುಲ್ತಾನ್. ದನಗಳನ್ನು ಹೇಗೆ ಸಾಕಬೇಕು, ಹೇಗೆ ಎಣಿಸಬೇಕು ಅಂತ ಒಂದು ಹುಕುಂನಾಮೆಯನ್ನೂ ಹೊರಡಿಸಿದ. ಬ್ರಿಟಿಷರು ಬಂದ ಮೇಲೂ ಬಹಳ ಕಾಲ ಅದನ್ನೇ ಪಾಲಿಸಿದರು. ಕಾವಲುಗಳಲ್ಲೂ ಒಂದು ಲೆಕ್ಕ ಇತ್ತು. ಬೇಸಿಗೆ ಕಾವಲು, ಮಳೆಗಾಲದ ಕಾವಲು, ಚಳಿಗಾಲದ ಕಾವಲು. ಹಿಂಡು ಒಂದೇ ಕಡೆ ನಿಲ್ಲುತ್ತಿರಲಿಲ್ಲ, ಕಾಲಕ್ಕೆ ತಕ್ಕಂತೆ ನಾಡಿನ ಉದ್ದಗಲ ಹೋಗುತ್ತಿತ್ತು. ಸೇರ್ವೇಗಾರರು ಅನ್ನೋ ದನಗಾಹಿಗಳು ಜೊತೆಯಲ್ಲೇ ಇರುತ್ತಿದ್ದರು. ಬೇಸಿಗೆಯಲ್ಲಿ ಹುಲ್ಲು ಒಣಗಿದಾಗ ಜಾಲಿಕಾಯಿಯೇ ಮೇವು. ಯಾವ ಹೊತ್ತಿಗೆ ಯಾವ ನೆಲ ಮೇಯಿಸಬೇಕು, ಯಾವುದಕ್ಕೆ ಬಿಡುವು ಕೊಡಬೇಕು ಅನ್ನೋ ಜ್ಞಾನ ಆ ಓಡಾಟದಲ್ಲೇ ಇತ್ತು.

ಈ ಎತ್ತುಗಳ ರೇಂಜು (ಈಗ ನಾನೂ ಶುರು ಮಾಡಿದೆ!) ಸಾಮಾನ್ಯದ್ದಲ್ಲ. ಚಿದಂಬರದ ನೆರವಿಗೆ ಹೈದರ್ ಎರಡೂವರೆ ದಿನದಲ್ಲಿ ನೂರು ಮೈಲಿ ಸೈನ್ಯ ನಡೆಸಿದ್ದು ಈ ಎತ್ತುಗಳಿಂದ ಅಂತ ಮೈಸೂರಿನ ಗ್ಯಾಸೆಟಿಯರು ಬರೆದಿದೆ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಹಿಂಡು ಇಂಗ್ಲಿಷರ ಕೈಸೇರಿತು. ಮರುವರ್ಷ ದೋಂಡಿಯಾ ವಾಘ್‌ನನ್ನು ಬೆನ್ನಟ್ಟಿ ಹೋದ ಆರ್ಥರ್ ವೆಲ್ಲೆಸ್ಲಿಯ ಸೈನ್ಯಕ್ಕೂ ಇವೇ ಎತ್ತುಗಳು. ಮುಂದೆ ವೆಲಿಂಗ್ಟನ್ ಡ್ಯೂಕ್ ಆಗಿ ಸ್ಪೇನಿನಲ್ಲಿ ನೆಪೋಲಿಯನ್ನನ ಸೈನ್ಯದ ಜೊತೆ ಯುದ್ಧ ಮಾಡುವಾಗಲೂ ಆತ ಮೈಸೂರಿನ ಎತ್ತುಗಳನ್ನು ನೆನೆಸಿಕೊಳ್ಳುತ್ತಿದ್ದನಂತೆ.

1860ರಲ್ಲಿ ಖರ್ಚು ಉಳಿಸೋಕೆ ಅಂತ ಮದರಾಸು ಸರ್ಕಾರ ಹಿಂಡನ್ನು ಮಾರಿಬಿಟ್ಟಿತು. ಕೆಲವೇ ವರ್ಷದಲ್ಲಿ ಸೈನ್ಯಕ್ಕೆ ಒಳ್ಳೆ ಎತ್ತು ಸಿಗದೆ ತಪ್ಪು ಅರಿವಾಗಿ 1866ರಲ್ಲಿ ಮತ್ತೆ ದನ ಕೂಡಿಸಿ ಹಿಂಡು ಕಟ್ಟಿದರು. 1882ರಲ್ಲಿ ಅದು ಮೈಸೂರು ಸಂಸ್ಥಾನಕ್ಕೆ ಬಂತು. ಇವತ್ತಿಗೂ ಅಜ್ಜಂಪುರದಲ್ಲಿ ಅಮೃತ ಮಹಲ್ ತಳಿ ಸಂವರ್ಧನಾ ಕೇಂದ್ರ ಇದೆ.

ಇದನ್ನೆಲ್ಲ ಓದುವಾಗ ನನಗೆ ಒಂದು ವಿಷಯ ಹೊಳೆಯಿತು. ನಾನು ಇಷ್ಟು ದಿನ ಅಂದುಕೊಂಡಿದ್ದದ್ದು ಹೀಗೆ. ಕಾವಲು ಅಂದ್ರೆ ರೈತರ ಶಾಂತ ಹುಲ್ಲುಗಾವಲು, ರಕ್ಷಣಾ ಇಲಾಖೆ ಅಲ್ಲಿಗೆ ಬಂದದ್ದು ಮೊನ್ನೆ ಮೊನ್ನೆ. ಅದು ಪೂರ್ತಿ ನಿಜ ಅಲ್ಲ. ಕಾವಲು ಹುಟ್ಟಿನಿಂದಲೇ ಸರ್ಕಾರದ್ದು, ಬಹಳ ಕಾಲ ಸೈನ್ಯದ್ದು. ಮೇಯೋ ರೇಂಜು ಮತ್ತು ಹೊಡೆಯೋ ರೇಂಜು 18ನೇ ಶತಮಾನದಲ್ಲೇ ಜೊತೆಯಾಗಿದ್ದವು. ಇಲ್ಲಿ ಮೇಯ್ದ ಎತ್ತು ಎಳೆದದ್ದು ಫಿರಂಗಿಯನ್ನು. ಅದೇ ಸೈನ್ಯ ಹಾರಿಸುತ್ತಿದ್ದ ರಾಕೆಟ್ಟುಗಳು ಸಾವಿರ ಗಜಕ್ಕೂ ದೂರ ಹೋಗುತ್ತಿದ್ದವು.

ಹಾಗಾದರೆ ವ್ಯತ್ಯಾಸ ಏನು? ಅಂದಿನ ಸೈನ್ಯಕ್ಕೆ ಬೇಕಾಗಿದ್ದದ್ದು ಹುಲ್ಲು. ಅದಕ್ಕೆ ಹುಲ್ಲು ಉಳಿಸಿತು. ಸೈನ್ಯಕ್ಕೆ ಎತ್ತಿನ ಅಗತ್ಯ ತೀರಿದ ಮೇಲೆ ಆ ಹುಲ್ಲು ಸುತ್ತಲ ಹಳ್ಳಿಗಳಿಗೆ ಉಳಿಯಿತು. ಕುರುಬರ ಕುರಿ, ಕಾಡುಗೊಲ್ಲರ ಹಟ್ಟಿಯ ಆಡು ಕುರಿ, ಮ್ಯಾಸಬೇಡರ ದೇವರ ಎತ್ತು. ದೇವರ ಎತ್ತುಗಳ ಬಗ್ಗೆ ಗೊತ್ತಿಲ್ಲದವರಿಗೆ ಒಂದು ಮಾತು. ಚಳ್ಳಕೆರೆ, ಮೊಳಕಾಲ್ಮೂರು ಸೀಮೆಯಲ್ಲಿ ದೇವರ ಹೆಸರಿಗೆ ಬಿಟ್ಟ ದನಗಳ ಹಿಂಡುಗಳಿವೆ. ಉಳುಮೆಗೆ ಹೂಡೋ ಹಾಗಿಲ್ಲ, ಮಾರೋ ಹಾಗಿಲ್ಲ. ಕಿಲಾರಿಗಳು ಅನ್ನೋರು ಅವನ್ನು ಕಾಯ್ತಾರೆ. ಬರಗಾಲ ಬಂದಾಗ ದೇವರ ಎತ್ತಿಗೆ ಮೇವಿಲ್ಲ ಅನ್ನೋ ಸುದ್ದಿ ಪೇಪರಲ್ಲಿ ಬರುತ್ತಲ್ಲ, ಅವೇ ಇವು.

* * *

2008ರಿಂದ 2010ರ ನಡುವೆ ಉಳ್ಳಾರ್ತಿ ಕಾವಲು, ಖುದಾಪುರ ಕಾವಲು, ವರವು ಕಾವಲುಗಳ ಜಮೀನು ಒಂದೊಂದಾಗಿ ಮಂಜೂರಾಯ್ತು. ಡಿಆರ್‌ಡಿಒಗೆ 4,290 ಎಕರೆ, ಬಾಬಾ ಅಣು ಸಂಶೋಧನಾ ಕೇಂದ್ರಕ್ಕೆ 1,810 ಎಕರೆ, ಭಾರತೀಯ ವಿಜ್ಞಾನ ಸಂಸ್ಥೆಗೆ 1,500 ಎಕರೆ, ಇಸ್ರೋಗೆ 573 ಎಕರೆ. ಈ ನಾಲ್ಕನ್ನು ಅಣ್ಣನ ಮಗನಿಗೆ ಕೊಟ್ಟು ರೇಂಜ್ ಕಂಡುಹಿಡಿ ಅಂದೆ. ಗರಿಷ್ಠ 4,290, ಕನಿಷ್ಠ 573, ಉತ್ತರ 3,717 ಅಂತ ತಕ್ಷಣ ಹೇಳಿದ. ಲೆಕ್ಕ ಸರಿ. ಆದರೆ ಗಣಿತದ ರೇಂಜಿನಲ್ಲಿ ಒಂದು ಕೊರತೆ ಇದೆ, ಅದು ಎರಡು ತುದಿಗಳ ನಡುವಿನ ಅಂತರ ಹೇಳುತ್ತೆ, ಒಟ್ಟು ಎಷ್ಟು ಅಂತ ಹೇಳೋದಿಲ್ಲ. ಒಟ್ಟು 8,173 ಎಕರೆ, ಈ ನಾಲ್ಕೇ ಸೇರಿ.

ವಿಷಯ ತಿಳಿದ ಮೇಲೆ ದೊಡ್ಡ ಉಳ್ಳಾರ್ತಿ ಸುತ್ತಮುತ್ತಲಿನ ಜನ ಹೋರಾಟಕ್ಕಿಳಿದರು. ಮೊಕದ್ದಮೆ ಚೆನ್ನೈನ ಹಸಿರು ನ್ಯಾಯಮಂಡಳಿ ಪೀಠಕ್ಕೆ ಹೋಗಿ 2014ರ ಆಗಸ್ಟಿನಲ್ಲಿ ತೀರ್ಪು ಬಂತು. ಯೋಜನೆಗಳು ಮುಂದುವರಿದವು. 2016ರ ನವೆಂಬರಿನಲ್ಲಿ ಡಿಆರ್‌ಡಿಒದ ರುಸ್ತುಂ-2 ಅನ್ನೋ ಪೈಲಟ್ ಇಲ್ಲದ ವಿಮಾನ ಇಲ್ಲಿಂದ ಮೊದಲ ಬಾರಿ ಹಾರಿತು. 2017ರ ಮೇ 28ರಂದು ಆಗಿನ ರಕ್ಷಣಾ ಸಚಿವ ಅರುಣ್ ಜೇಟ್ಲಿ ವರವು ಕಾವಲಿನಲ್ಲಿ ಟೆಸ್ಟ್ ರೇಂಜ್ ಉದ್ಘಾಟಿಸಿದರು. ಪುಷ್ಪಕ್ ಇಲ್ಲಿ ಇಳಿದದ್ದು ಮೂರು ಸಲ. 2023ರ ಏಪ್ರಿಲ್ 2, 2024ರ ಮಾರ್ಚ್ 22, ಮತ್ತೆ ನಾನು ಟೀವಿಯಲ್ಲಿ ನೋಡಿದ ಜೂನ್ 23. ಮೂರನೇ ಸಲ ಗಂಟೆಗೆ 320 ಕಿಲೋಮೀಟರಿಗಿಂತ ಹೆಚ್ಚು ವೇಗದಲ್ಲಿ ನೆಲ ಮುಟ್ಟಿ, ಪ್ಯಾರಾಚೂಟ್ ಬಿಚ್ಚಿ ನಿಧಾನವಾಗಿ ನಿಂತುಕೊಂಡಿತು.

ಸುಳ್ಳು ಯಾಕೆ ಹೇಳಲಿ, ನೋಡುವಾಗ ಮೈ ಜುಮ್ಮೆಂದಿತು. ಶೇಂಗಾ ಎಣ್ಣೆ ಮಿಲ್ಲುಗಳ ಕಾಲದಲ್ಲಿ ನಮ್ಮೂರನ್ನು ಎರಡನೇ ಮುಂಬಯಿ ಅಂತ ಹೇಳಿಕೊಂಡು ಓಡಾಡಿದವರು ನಾವು. ಮಿಲ್ಲುಗಳ ಆ ಸಡಗರ ಹೋದ ಮೇಲೆ ಚಳ್ಳಕೆರೆ ಅಂದ್ರೆ "ಎಲ್ಲಿ ಬರುತ್ತೆ ಅದು?" ಅಂತ ಬೆಂಗಳೂರಿನಲ್ಲಿ ಕೇಳಿಸಿಕೊಂಡಿದೀನಿ. ಈಗ ಆ ಹೆಸರು ದೇಶದ ಸುದ್ದಿಯಲ್ಲಿ. ಮಾವನೂ ಕಣ್ಣರಳಿಸಿ ನೋಡ್ತಿದ್ದ. "ಎಷ್ಟ್ ಚೆಂದ ಇಳೀತಲ್ಲ, ಗರುಡ ಇಳ್ದಂಗೆ" ಅಂದ. ಒಂದು ಕ್ಷಣ ಬಿಟ್ಟು ಅವನೇ ಹೇಳಿದ. "ಆ ಬೇವಿನ ಮರದ ಗುಂಡಿತಾವ ನೀರಿತ್ತು ಕಣಪ್ಪ. ಕುರಿ ಅಲ್ಲೇ ಮಲಗಿಸ್ತಿದ್ದೆ."

ಮಾವನ ಹತ್ತಿರ ಈಗ ಕುರಿ ಇಲ್ಲ. ಅರವತ್ತು ಇದ್ದವು. ಮಾರಿದ್ದಕ್ಕೆ ಕಾರಣ ಒಂದೇ ಅಲ್ಲ, ಅದನ್ನು ಪ್ರಾಮಾಣಿಕವಾಗಿ ಹೇಳಬೇಕು. ಮಂಡಿನೋವು, ಮಕ್ಕಳಿಬ್ಬರೂ ಬೆಂಗಳೂರು ಸೇರಿದ್ದು, ಸಾಲು ಸಾಲು ಬರ. ಅದರ ಜೊತೆಗೆ ಮೇಯಿಸೋ ಜಾಗ ಕಿರಿದಾದದ್ದು. ಯಾವ ಕಾಂಪೌಂಡು ಯಾರದು ಅನ್ನೋ ದೂರು ನಾನಿಲ್ಲಿ ಹೇಳ್ತಾ ಇಲ್ಲ, ಅವನೂ ಹೇಳೋದಿಲ್ಲ. "ಮೊದ್ಲು ಬೆಳಿಗ್ಗೆ ಬಿಟ್ರೆ ಸಂಜೆ ತಂಕ ಒಂದೇ ದಿಕ್ಕಿಗೆ ನಡೀಬೋದಿತ್ತು. ಆಮೇಲಾಮೇಲೆ ತಿರುಗಿ ತಿರುಗಿ ಅಲ್ಲೇ ಬರೋದಾತು" ಅಂತಾನೆ ಅಷ್ಟೆ. ರೇಂಜ್ ಅನ್ನೋ ಪದಕ್ಕೆ ನಿಘಂಟಿನಲ್ಲಿ ನಾನು ಹುಡುಕಿದ ಅರ್ಥ ಮಾವನ ಈ ಎರಡು ವಾಕ್ಯದಲ್ಲಿತ್ತು!

* * *

ಇದು ನಮ್ಮೂರಿನ ಕಥೆ ಮಾತ್ರ ಅಲ್ಲ. ಅಮೆರಿಕದ ನ್ಯೂ ಮೆಕ್ಸಿಕೋದಲ್ಲಿ ವೈಟ್ ಸ್ಯಾಂಡ್ಸ್ ಮಿಸೈಲ್ ರೇಂಜ್ ಇದೆ. ಮೊದಲ ಅಣುಬಾಂಬ್ ಪರೀಕ್ಷೆ 1945ರ ಜುಲೈ 16ರಂದು ನಡೆದದ್ದು ಅದೇ ನೆಲದಲ್ಲಿ. ಅದಕ್ಕೂ ಮುಂಚೆ ಅಲ್ಲಿದ್ದವರು ದನ ಸಾಕೋ ರ‍್ಯಾಂಚಿನವರು. ಅವರ ಪಾಲಿಗೂ ಅದು ರೇಂಜೇ, ಮೇವಿನ ರೇಂಜು. ಪದ ಹಾಗೇ ಉಳಿಯಿತು, ಅರ್ಥ ಬದಲಾಯಿತು, ಜನ ಹೊರಟರು. ಒಡಿಶಾದ ಬಲಿಯಾಪಾಲದಲ್ಲಿ 1980ರ ದಶಕದಲ್ಲಿ ಟೆಸ್ಟ್ ರೇಂಜ್ ಮಾಡ್ತೀವಿ ಅಂದಾಗ ರೈತರು ಬಿಡಲಿಲ್ಲ, ಅಲ್ಲಿ ಆಗಲಿಲ್ಲ. ಜಾರ್ಖಂಡಿನ ನೇತರ್‌ಹಾಟ್ ಫೀಲ್ಡ್ ಫೈರಿಂಗ್ ರೇಂಜ್ ವಿರುದ್ಧ ಆದಿವಾಸಿಗಳು ಸುಮಾರು ಮೂರು ದಶಕ ಹೋರಾಡಿದರು. 2022ರ ಆಗಸ್ಟಿನಲ್ಲಿ ಅಲ್ಲಿನ ಸರ್ಕಾರ ಅದರ ಅವಧಿ ಮುಂದುವರಿಸೋದಿಲ್ಲ ಅಂತ ತೀರ್ಮಾನ ಮಾಡಿತು.

ಟೆಸ್ಟ್ ರೇಂಜಿಗೆ ಯಾವಾಗಲೂ "ಖಾಲಿ" ಜಾಗ ಬೇಕು. ಖಾಲಿ ಅಂತ ಯಾರು ಹೇಳಬೇಕು ಅನ್ನೋದೇ ಪ್ರಶ್ನೆ. ನಮ್ಮ ಕಂದಾಯದ ಕಾಗದದಲ್ಲಿ ಬೇಸಾಯಕ್ಕೆ ಬಾರದ ನೆಲಕ್ಕೆ ಖರಾಬು ಅಂತ ಹೆಸರು. ನಮ್ಮ ದೇಶದ ಪಾಳುಭೂಮಿ ನಕ್ಷೆಗಳಲ್ಲಿ ಎಷ್ಟೋ ಹುಲ್ಲುಗಾವಲುಗಳು ಪಾಳು ಅಂತಲೇ ದಾಖಲಾಗಿವೆ. ಬೆಂಗಳೂರಿನಿಂದ ಬಸ್ಸಿನಲ್ಲಿ ಬರೋ ನನಗೂ ಅದು ಬೇಸಿಗೆಯಲ್ಲಿ ಬರೀ ಬಯಲು. ಮಾವನಿಗೆ ಹಾಗಲ್ಲ. ಕರ್ಡದ ಹುಲ್ಲು ಎಲ್ಲಿ ಬರುತ್ತೆ, ಕೃಷ್ಣಮೃಗ ಎಲ್ಲಿ ದಾಟುತ್ತೆ, ಯಾವ ಜಾಲಿ ಮರದ ಕಾಯಿ ಮೊದಲು ಉದುರುತ್ತೆ, ಎಲ್ಲ ಗೊತ್ತು. ಎಲ್ಲ ಕಡೆಯೂ ಮರೆತಿದ್ದಾರೆ ಅಂತಲೂ ಅಲ್ಲ. ಕಡೂರು ಹತ್ತಿರದ ಬಾಸೂರು ಅಮೃತ ಮಹಲ್ ಕಾವಲನ್ನು 2011ರಲ್ಲಿ ಕೃಷ್ಣಮೃಗಗಳಿಗಾಗಿ ಸಂರಕ್ಷಣಾ ಮೀಸಲು ಮಾಡಿದರು. ಅಲ್ಲಿ ಕಾವಲು ಅರಣ್ಯ ಇಲಾಖೆಯ ರೇಂಜಿನೊಳಗೆ ಬಂತು. ಇಲ್ಲಿ ಕಾವಲೇ ಇನ್ನೊಂದು ಥರದ ರೇಂಜ್ ಆಯ್ತು.

ಕೆಲವರು ಕೇಳಬಹುದು. ಇಷ್ಟೆಲ್ಲ ಯಾಕೆ, ಇಂಗ್ಲಿಷ್ ಪದ ಬಿಟ್ಟು ಕನ್ನಡದ್ದೇ ಬಳಸಿದರೆ ಆಯ್ತಲ್ಲ? ನನಗೆ ಇಂಗ್ಲಿಷ್ ಪದದ ಮೇಲೆ ಸಿಟ್ಟಿಲ್ಲ. ಪದ ಬೆರೆಸೋದು ನಮ್ಮ ಸೀಮೆಗೆ ಹೊಸದೂ ಅಲ್ಲ. ಮೊಳಕಾಲ್ಮೂರು ತಾಲೂಕಿನ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರಗಳಲ್ಲಿ ಅಶೋಕನ ಶಾಸನಗಳಿವೆಯಲ್ಲ, 1892ರಲ್ಲಿ ಬಿ. ಎಲ್. ರೈಸ್ ಬೆಳಕಿಗೆ ತಂದದ್ದು. ಅವನ್ನು ಬರೆದವನ ಹೆಸರು ಚಪಡ. ಶಾಸನವೆಲ್ಲ ಬ್ರಾಹ್ಮಿಯಲ್ಲಿ ಎಡದಿಂದ ಬಲಕ್ಕೆ ಬರೆದು, ಕೊನೆಗೆ ತಾನು ಲಿಪಿಕಾರ ಅನ್ನೋ ಒಂದು ಪದವನ್ನು ಮಾತ್ರ ಖರೋಷ್ಠಿಯಲ್ಲಿ ಬಲದಿಂದ ಎಡಕ್ಕೆ ಬರೆದಿದ್ದಾನೆ. ಖರೋಷ್ಠಿ ವಾಯವ್ಯ ಗಡಿ ಸೀಮೆಯ ಲಿಪಿ, ಇಲ್ಲಿ ಯಾರು ಓದಬೇಕು ಅದನ್ನ? ಆದರೂ ಬರೆದ. ಸುಮಾರು 2,270 ವರ್ಷದ ಹಿಂದೆಯೇ ಪರಸ್ಥಳದ ಅಕ್ಷರ ನಮ್ಮ ಬಂಡೆಗೆ ಬಂದಿದೆ. ಹಾಗಾಗಿ ರೇಂಜ್ ಬಂದರೆ ಬರಲಿ, ಇರಲಿ.

ನನ್ನ ತಕರಾರು ಬೇರೆ. ಹೊಸ ಹೆಸರು ಬಂದಾಗ ಹಳೇ ಹೆಸರು ಹೇಳ್ತಿದ್ದ ಕೆಲಸವನ್ನು ನಾವು ಮರೀತೀವಿ. ಕಾವಲು ಅನ್ನೋ ಪದದಲ್ಲಿ ಕಾಯೋನೊಬ್ಬ ಇದ್ದಾನೆ. ಯಾರೋ ಒಬ್ಬ ಕಾದದ್ದರಿಂದ ಉಳಿದ ನೆಲ ಅದು. ಕಾವಲಿನ ಜಾಗದಲ್ಲಿ ರೇಂಜ್ ಅಂದ ತಕ್ಷಣ ಆ ಮನುಷ್ಯ ಪದದಿಂದ ಹೊರಗೆ ಹೋಗ್ತಾನೆ, ದೂರ ಮಾತ್ರ ಉಳಿಯುತ್ತೆ. ದೇಶಕ್ಕೆ ಪುಷ್ಪಕ್ ಬೇಕು, ಅದನ್ನು ಇಳಿಸೋಕೆ ಜಾಗವೂ ಬೇಕು. ಒಪ್ಪಿದೆ. ಆದರೆ ಮುಂದೆ ಯಾವತ್ತಾದರೂ ಯಾವುದಾದರೂ ಊರಿನ ಬಯಲಿಗೆ ಹೊಸ ಹೆಸರಿಡೋ ಮುಂಚೆ, ಅಲ್ಲಿ ನಡೆದಾಡಿದವರನ್ನು ಒಂದು ಸಲ ಕೂರಿಸಿ "ಇದಕ್ಕೆ ನೀವು ಏನಂತೀರಿ?" ಅಂತ ಕೇಳಲಿ. ಅವರು ಹೇಳೋ ಹೆಸರಿನಲ್ಲೇ ಅದು ಖಾಲಿಯೋ ಅಲ್ಲವೋ ಗೊತ್ತಾಗುತ್ತೆ.

ಕಳೆದ ಸಲ ಊರಿಗೆ ಹೋದಾಗ ಮಾವನಿಗೆ ಇದನ್ನೆಲ್ಲ ಹೇಳಿದೆ. ಸಾಲು, ಬೆಟ್ಟ, ಮೇವು, ಗುಂಡು, ಒಲೆ, ಫೋನು, ಲೆಕ್ಕ, ಒಂದನ್ನೂ ಬಿಡಲಿಲ್ಲ. ಸಮಾಧಾನದಿಂದ ಪೂರ್ತಿ ಕೇಳಿದ. ಆಮೇಲೆ ಎಲೆಗೆ ಸುಣ್ಣ ಹಚ್ಚುತ್ತಾ, "ಒಟ್ನಾಗೆ ಎಷ್ಟ್ ದೂರ ಹೋಗಾಕೆ ಬಿಡ್ತಾರೆ ಅನ್ನೋದೇ ರೇಂಜು ಅನ್ನು" ಅಂದ.

ಇದಕ್ಕಿಂತ ಚೆನ್ನಾಗಿ ನನಗೆ ಹೇಳೋಕೆ ಬರಲಿಲ್ಲ.

ನಿಮ್ಮ ಕಡೆ ರೇಂಜ್ ಅಂದ್ರೆ ಏನು? ಬೇರೆ ಅರ್ಥ ಇದ್ದರೆ ತಿಳಿಸಿ. ನಿಮ್ಮೂರಿನ ಕಾವಲು, ಗೋಮಾಳ, ಹುಲ್ಲುಬನ್ನಿಗಳಿಗೆ ನಿಮ್ಮ ಅಜ್ಜ ಅಜ್ಜಿ ಏನಂತಿದ್ದರು ಅನ್ನೋದು ನೆನಪಿದ್ದರೆ ಅದನ್ನೂ ಬರೀರಿ. ಆ ಹೆಸರುಗಳನ್ನು ಎಲ್ಲಾದರೂ ಒಂದು ಕಡೆ ಸಾಲಾಗಿ ಬರೆದಿಡೋಣ ಅಂತ ಆಸೆ. ಸಾಲು ಅಂದ್ರೆ... ಮತ್ತೆ ಅದೇ :-)